ಕಲ್ಲಾಗಿ ಬೆಳೆಯುವ ಕಡಲ ಪಾಚಿ ಮತ್ತು ನಮ್ಮ ಎರೆಭೂಮಿ



ಬಾವಿಯ ಮೆಟ್ಟಿಲ ಮೇಲೆ, ಕಾಲುವೆಯ ಬದಿಯ ಕಲ್ಲುಗಳ ಮೇಲೆ ಹಬ್ಬುವ ಹಸಿರು ಪಾಚಿಯನ್ನು ತಾವೆಲ್ಲರೂ ನೋಡಿದ್ದೀರಿ. ಕಾಲಿಟ್ಟರೆ ಜಾರುತ್ತದೆ, ಬಿಸಿಲಿಗೆ ಒಣಗಿದರೆ ಹುಡಿಯಾಗಿ ಹೋಗುತ್ತದೆ. ಆ ಪಾಚಿಯ ದೂರದ ಬಳಗಕ್ಕೆ ಸೇರಿದ ಒಂದು ಸಸ್ಯವು ಸಮುದ್ರದ ತಳದಲ್ಲಿ ಕಲ್ಲಾಗಿ ಬೆಳೆಯುತ್ತದೆ ಎಂದರೆ ಮೊದಲಿಗೆ ನಂಬಿಕೆ ಬರಲಾರದು. ಬಣ್ಣ ನಸುಗೆಂಪು ಅಥವಾ ನೇರಳೆ, ಮೈಯೆಲ್ಲ ಸುಣ್ಣ. ಉಗುರಿನಿಂದ ಕೆರೆದರೆ ಕಲ್ಲು ಕೆರೆದಂತೆಯೇ ಆಗುತ್ತದೆ. ಇದನ್ನು ನಾವು ಇಲ್ಲಿ ಸುಣ್ಣಪಾಚಿ ಎಂದು ಕರೆಯೋಣ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಒಕ್ಕಲಿಗನಿಗೆ ಸಮುದ್ರದ ಸುದ್ದಿ ಏಕೆಂದು ತಾವು ಕೇಳಬಹುದು. ಕಾರಣ ಉಂಟು. ಕಬ್ಬಿನ ಹಂಗಾಮು ಬಂದಾಗಲೆಲ್ಲ "ಸಮುದ್ರದ ಸುಣ್ಣ ಅಂತ ಹರಳಿನ ಚೀಲ ಮಾರಾಕ ಬಂದಾರ, ಹಾಕಬೇಕೋ ಬ್ಯಾಡೋ ಹೇಳ್ರಿ ಸಾಹೇಬರ" ಎಂದು ಹಳ್ಳಿಗಳಲ್ಲಿ ಕೇಳುವವರು ಇದ್ದೇ ಇದ್ದಾರೆ. ಹೌದು ಅಥವಾ ಇಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ವಸ್ತು ಎಲ್ಲಿ ಬೆಳೆಯುತ್ತದೆ, ಎಷ್ಟು ನಿಧಾನವಾಗಿ ಬೆಳೆಯುತ್ತದೆ, ಯಾವ ಮಣ್ಣಿಗೆ ಅದು ತಕ್ಕದ್ದು ಎಂಬುದನ್ನು ತಿಳಿದವರು ಮುಂದೆ ಇನ್ನೊಂದು ಹೆಸರಿನ ಚೀಲ ಬಂದಾಗಲೂ ತಾವೇ ನಿರ್ಣಯ ಮಾಡಬಲ್ಲರು. ಅದಕ್ಕಾಗಿ ಈ ಲೇಖನ ಸ್ವಲ್ಪ ಉದ್ದವಾಗಿದೆ.

ಇದು ಪ್ರಾಣಿಯೋ ಸಸ್ಯವೋ ಎಂಬ ಬಗ್ಗೆ ಪಂಡಿತರಲ್ಲಿಯೇ ಬಹುಕಾಲ ಗೊಂದಲವಿತ್ತು. ಗಿಡಮರಗಳಿಗೆಲ್ಲ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ಹಾಕಿಕೊಟ್ಟ ಸ್ವೀಡನ್ ದೇಶದ ಲಿನೇಯಸನು ಇದನ್ನು ಹವಳದ ಜೊತೆಗೆ ಪ್ರಾಣಿಗಳ ಸಾಲಿಗೆ ಸೇರಿಸಿದ್ದನು. ಅದು ಸಸ್ಯವೇ ಎಂಬುದನ್ನು 1837ರಲ್ಲಿ ಜರ್ಮನಿಯ ಫಿಲಿಪ್ಪಿ ಎಂಬಾತನು ಸ್ಪಷ್ಟಪಡಿಸಿದನು. ಹವಳವಾದರೋ ಪ್ರಾಣಿಯೇ, ಅದರ ಸಣ್ಣ ಹುಳುವಿನಂಥ ಜೀವಿಗಳು ಬಾಯಿಯಿಂದ ಆಹಾರ ಹಿಡಿದು ತಿನ್ನುತ್ತವೆ. ಸುಣ್ಣಪಾಚಿಗೆ ಬಾಯಿಲ್ಲ, ಬೇರೂ ಇಲ್ಲ. ಕಬ್ಬಿನ ಎಲೆಯಂತೆಯೇ ಅದು ಬಿಸಿಲಿನ ಬೆಳಕನ್ನು ಹಿಡಿದು ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ. ಬೀಜವೂ ಇಲ್ಲ. ಮೈಮೇಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಹುಡಿಯಂಥ ಬೀಜಕಣಗಳು ಹುಟ್ಟಿ ನೀರಿನಲ್ಲಿ ತೇಲಿ ಹೋಗಿ, ಗಟ್ಟಿ ನೆಲ ಸಿಕ್ಕಲ್ಲಿ ಅಂಟಿ ಬೆಳೆಯುತ್ತವೆ.

ಕೆಂಪು ಬಣ್ಣಕ್ಕೂ ಒಂದು ಪ್ರಯೋಜನ ಉಂಟು. ಬಿಸಿಲು ನೀರಿನೊಳಗೆ ಇಳಿಯುತ್ತ ಹೋದಂತೆ ಅದರ ಕೆಂಪು ಪಾಲು ಮೊದಲು ಕಳೆದುಹೋಗಿ, ನೀಲಿ ಮತ್ತು ಹಸಿರು ಪಾಲು ಮಾತ್ರ ಆಳಕ್ಕೆ ಮುಟ್ಟುತ್ತದೆ. ಆ ನೀಲಿ ಹಸಿರು ಬೆಳಕನ್ನು ಹೀರಿಕೊಳ್ಳಲು ಕೆಂಪು ಬಣ್ಣದ ದ್ರವ್ಯವೇ ಬೇಕು. ಆದ್ದರಿಂದ ಬೇರೆ ಸಸ್ಯಗಳು ಬದುಕಲಾರದಷ್ಟು ಆಳದಲ್ಲಿಯೂ ಇದು ಬದುಕುತ್ತದೆ. ಅಮೇರಿಕದ ಕಡೆಯ ಬಹಾಮಾ ದ್ವೀಪಗಳಲ್ಲಿ ಸ್ಯಾನ್ ಸಾಲ್ವಡಾರ್ ಎಂಬ ನಡುಗಡ್ಡೆಯ ಬಳಿ 268 ಮೀಟರ್ ಆಳದಲ್ಲಿ ಸುಣ್ಣಪಾಚಿ ಬೆಳೆದಿರುವುದನ್ನು ಕಂಡು 1985ರಲ್ಲಿ ಪ್ರಕಟಿಸಿದರು. ಅಲ್ಲಿಗೆ ತಲುಪುವ ಬೆಳಕು ಮೇಲಿನ ಬಿಸಿಲಿನ ಎರಡು ಲಕ್ಷದಲ್ಲಿ ಒಂದು ಪಾಲು ಮಾತ್ರ. ಗೋಕಾಕದ ಜಲಪಾತವು ಸುಮಾರು 52 ಮೀಟರ್ ಎತ್ತರದ್ದು. ಅಂಥ ಐದು ಜಲಪಾತಗಳನ್ನು ಒಂದರ ಮೇಲೊಂದು ಇಟ್ಟರೆ ಈ ಆಳಕ್ಕೆ ಹತ್ತಿರ ಬರುತ್ತದೆ.

ಇನ್ನು ಸುಣ್ಣ ಎಲ್ಲಿಂದ ಬರುತ್ತದೆ? ತಮ್ಮ ಮನೆಯ ಬಚ್ಚಲಿನ ಹಂಡೆಯನ್ನು ನೋಡಿರಿ. ಗಡಸು ನೀರಿನ ಬಾವಿ ಅಥವಾ ಬೋರಿನ ನೀರನ್ನು ದಿನವೂ ಕಾಸಿದರೆ ಹಂಡೆಯ ಒಳಮೈಗೆ ಬಿಳಿಯ ಗಟ್ಟಿ ಪದರು ಕಟ್ಟುತ್ತದೆ. ನೀರಿನಲ್ಲಿ ಸುಣ್ಣ ಕರಗಿ ಕಣ್ಣಿಗೆ ಕಾಣದಂತೆ ಇರುತ್ತದೆ. ಅದನ್ನು ಕರಗಿಸಿ ಹಿಡಿದಿರುವುದು ನೀರಿನೊಳಗಿನ ಇಂಗಾಲಾಮ್ಲ ವಾಯು. ಕಾಸಿದಾಗ ಆ ವಾಯು ಹೊರಗೆ ಹೋಗುತ್ತದೆ, ಸುಣ್ಣ ಕೆಳಗೆ ಕೂಡುತ್ತದೆ. ಸಮುದ್ರದಲ್ಲಿ ಬೆಂಕಿಯ ಕೆಲಸವನ್ನು ಪಾಚಿಯೇ ಮಾಡುತ್ತದೆ. ಹಗಲಿನಲ್ಲಿ ಆಹಾರ ತಯಾರಿಸಲು ಅದು ಇಂಗಾಲಾಮ್ಲ ವಾಯುವನ್ನು ಎಳೆದುಕೊಳ್ಳುವುದರಿಂದ ಅದರ ಕೋಶಗಳ ಸುತ್ತಲಿನ ನೀರಿನ ಹುಳಿ ಕಡಿಮೆಯಾಗಿ, ಸುಣ್ಣವು ಕೋಶದ ಗೋಡೆಗಳಲ್ಲಿಯೇ ಹರಳುಗಟ್ಟುತ್ತದೆ. ಇದರಲ್ಲಿ ಮೆಗ್ನೀಷಿಯಮ್ ಕೂಡ ಸಾಕಷ್ಟು ಸೇರಿರುತ್ತದೆ. ಹಂಡೆಯ ಪದರಿನಂತೆ ಅಲ್ಲಲ್ಲಿ ಕೂಡದೆ, ಇಟ್ಟಿಗೆಯ ಸಾಲಿನಂತೆ ಕೋಶ ಕೋಶಕ್ಕೆ ಸುಣ್ಣದ ಗೋಡೆ ಏಳುವುದರಿಂದ ಮೈ ಬಹಳ ಗಟ್ಟಿಯಾಗುತ್ತದೆ.

ಆ ಸುಣ್ಣದಲ್ಲಿ ನಮ್ಮ ಹೊಲಗಳ ಪಾಲೂ ಸ್ವಲ್ಪ ಇರಲಿಕ್ಕೆ ಸಾಕು. ಎರೆಭೂಮಿಯಿಂದ ಬಸಿದ ನೀರು ಕರಗಿದ ಸುಣ್ಣವನ್ನು ಹೊತ್ತು ಹಳ್ಳಕ್ಕೆ, ಹಳ್ಳದಿಂದ ಘಟಪ್ರಭೆಗೆ, ಚಿಕ್ಕಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಆಂಧ್ರದ ತೀರದಲ್ಲಿ ಬಂಗಾಲ ಉಪಸಾಗರಕ್ಕೆ ಸೇರುತ್ತದೆ. ಸಮುದ್ರದ ಸುಣ್ಣವೆಲ್ಲ ಹೀಗೆ ನದಿಗಳು ಕಾಲಕಾಲಕ್ಕೆ ಹೊತ್ತು ಹಾಕಿದ್ದರ ಪಾಲೇ ಹೆಚ್ಚು.

ಬೆಳೆಯುವ ವೇಗವನ್ನು ಕೇಳಿದರೆ ಕಬ್ಬು ಬೆಳೆಯುವವರಿಗೆ ನಗೆ ಬಂದೀತು. ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ, ಬಹಳವಾದರೆ ಕೆಲವೇ ಮಿಲಿಮೀಟರ್. ಲಿಂಬೆಹಣ್ಣಿನ ಗಾತ್ರದ ಒಂದು ಗುಂಡು ಆಗಬೇಕಾದರೆ ಹತ್ತಾರು ವರ್ಷ, ಕೆಲವು ಕಡೆ ನೂರು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಮರದ ಕಾಂಡದಲ್ಲಿ ಕಾಣುವಂತೆ ಇದರಲ್ಲಿಯೂ ವರ್ಷದ ಪದರುಗಳು ಕೂಡುತ್ತವೆ. ಕೆನಡಾದ ಉತ್ತರದ ಹಿಮಸಮುದ್ರದಿಂದ ತೆಗೆದ ಸುಣ್ಣಪಾಚಿಯ ಪದರುಗಳನ್ನು ಎಣಿಸಿ 646 ವರ್ಷಗಳ ಸಮುದ್ರದ ಮಂಜಿನ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿದ್ದಾರೆ. ಅದು ಚಳಿಸೀಮೆಯ ಜಾತಿ. ನಾವು ಇಲ್ಲಿ ಹೇಳುತ್ತಿರುವುದು ಬಿಸಿಸೀಮೆಯ ಜಾತಿಗಳನ್ನು.

ಬಿಸಿಸೀಮೆಯ ಸಮುದ್ರತಳದಲ್ಲಿ ಇದು ಮುಖ್ಯವಾಗಿ ಮೂರು ರೂಪದಲ್ಲಿ ಕಾಣುತ್ತದೆ. ಒಂದು, ಬಂಡೆಗೆ ಬಣ್ಣ ಬಳಿದಂತೆ ಹಬ್ಬುವ ಹೊಪ್ಪಳಿಕೆ. ಎರಡನೆಯದು ಗಿಣ್ಣುಗಿಣ್ಣಾದ ಸಣ್ಣ ಪೊದೆ. ನಮ್ಮ ಪಶ್ಚಿಮ ಕರಾವಳಿಯ ಅಲೆ ಬಡಿಯುವ ಬಂಡೆಗಳ ಮೇಲೆ ಕಾಣುವ ಅಂಫಿರೋವಾ, ಜೇನಿಯಾ ಎಂಬವು ಈ ಬಗೆಯವು. ಗಿಣ್ಣಿನಲ್ಲಿ ಸುಣ್ಣವಿಲ್ಲದ್ದರಿಂದ ಅಲೆ ಬಂದಾಗ ಬಾಗುತ್ತವೆ, ಮುರಿಯುವುದಿಲ್ಲ. ಮೂರನೆಯದೇ ನನಗೆ ಬಹಳ ಸೋಜಿಗವೆನಿಸುವುದು. ಅದು ಎಲ್ಲಿಗೂ ಅಂಟಿಕೊಳ್ಳದೆ ಸಮುದ್ರದ ತಳದಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಪಾಚಿಗುಂಡು. ಒಂದು ಚಿಪ್ಪಿನ ಚೂರಿನ ಸುತ್ತ ಪಾಚಿ ಹಬ್ಬುತ್ತದೆ. ಅಲೆ, ಪ್ರವಾಹ, ಮೀನು ಏಡಿಗಳ ಓಡಾಟದಿಂದ ಅದು ಆಗಾಗ ಹೊರಳುತ್ತದೆ. ಹೊರಳಿದಾಗ ಎಲ್ಲ ಮಗ್ಗುಲಿಗೂ ಬೆಳಕು ಬಿದ್ದು ಸುತ್ತಲೂ ಬೆಳೆದು ಗುಂಡಗಾಗುತ್ತದೆ. ಘಟಪ್ರಭೆಯ ಹೊಳೆಗಲ್ಲು ಹೊರಳಿ ಹೊರಳಿ ಸವೆದು ಗುಂಡಗಾಗುವುದು. ಇದು ಹೊರಳಿ ಹೊರಳಿ ಬೆಳೆದು ಗುಂಡಗಾಗುವುದು. ಹೊರಳದೆ ಹೋದರೆ ಅಡಿಯ ಮಗ್ಗುಲು ಬೆಳಕಿಲ್ಲದೆ ಸಾಯುತ್ತದೆ. ತೀರ ಹೆಚ್ಚು ಹೊರಳಿದರೂ ತಿಕ್ಕಾಡಿ ಒಡೆಯುತ್ತದೆ. ಬ್ರೆಜಿಲ್ ದೇಶದ ಅಬ್ರೋಲ್ಯೋಸ್ ಎಂಬ ಕಡಲ ಭಾಗದಲ್ಲಿ ಇಂಥ ಗುಂಡುಗಳ ಹಾಸು ಸುಮಾರು 20,900 ಚದರ ಕಿಲೋಮೀಟರ್ ಹರಡಿದೆಯೆಂದು 2012ರಲ್ಲಿ ಪ್ರಕಟವಾಯಿತು. ಇಡೀ ಬೆಳಗಾವಿ ಜಿಲ್ಲೆಯ ಒಂದೂವರೆ ಪಟ್ಟು ನೆಲ ಅದು. ಗುಂಡುಗಳ ಸಂದಿಗೊಂದಿಗಳಲ್ಲಿ ಮೀನಿನ ಮರಿ, ಸಿಗಡಿ, ಚಿಪ್ಪಿನ ಪ್ರಾಣಿಗಳು ಮನೆ ಮಾಡುತ್ತವೆ.

ಹವಳದ ದಿಬ್ಬವೆಂದರೆ ಬರೀ ಹವಳವೆಂದು ಜನ ತಿಳಿದಿದ್ದಾರೆ. ಗೋಕಾಕದ ಕರದಂಟನ್ನು ನೆನೆಯಿರಿ. ಗೋಡಂಬಿ, ಉತ್ತತ್ತಿ, ಕೊಬ್ಬರಿ ಎಷ್ಟು ಹಾಕಿದರೂ ಬೆಲ್ಲದ ಪಾಕವಿಲ್ಲದೆ ಅದು ಕರದಂಟಾಗದು, ಬರೀ ರಾಶಿಯಾಗಿ ಉಳಿಯುವುದು. ಹವಳದ ತುಂಡು, ಚಿಪ್ಪು, ಮರಳು ಇವು ಒಣಹಣ್ಣಿನಂತೆ; ಅವುಗಳ ಮೇಲೆ ಹಬ್ಬಿ ಒಂದಕ್ಕೊಂದು ಹಿಡಿದು ಕಟ್ಟುವ ಪಾಕ ಈ ಸುಣ್ಣಪಾಚಿ. ದೊಡ್ಡ ಅಲೆಗಳು ಬಂದು ಅಪ್ಪಳಿಸುವ ದಿಬ್ಬದ ಹೊರ ಅಂಚಿನಲ್ಲಿ ಹವಳವೇ ನಿಲ್ಲಲಾರದ ಕಡೆ ಸುಣ್ಣಪಾಚಿ ಒಡ್ಡಿನಂತೆ ಎದ್ದು ನಿಂತು ಒಳಗಿನದನ್ನು ಕಾಯುತ್ತದೆ. ಪೆಸಿಫಿಕ್ ಸಾಗರದ ಫುನಾಫುಟಿ ಎಂಬ ಹವಳದ್ವೀಪದಲ್ಲಿ 1896ರಿಂದ 1898ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯವರು ಕೊಳವೆ ಕೊರೆಸಿ 1,114 ಅಡಿ ಆಳದವರೆಗೆ ಕಲ್ಲಿನ ಮಾದರಿ ತೆಗೆದರು. ಅದನ್ನು ಪರೀಕ್ಷಿಸಿ 1904ರಲ್ಲಿ ವರದಿ ಕೊಟ್ಟಾಗ, ದಿಬ್ಬ ಕಟ್ಟಿದ ಜೀವಿಗಳ ಪೈಕಿ ಸುಣ್ಣಪಾಚಿಗೆ ಹವಳಕ್ಕಿಂತ ಮೇಲಿನ ಸ್ಥಾನ ಸಿಕ್ಕಿತು.

ಇನ್ನೊಂದು ಉಪಕಾರವೂ ಇದೆ. ಹವಳದ ಮರಿಗಳು ನೀರಿನಲ್ಲಿ ತೇಲುತ್ತ ಬಂದು ನೆಲೆಸಲು ಜಾಗ ಹುಡುಕುವಾಗ, ಸುಣ್ಣಪಾಚಿಯ ಕೆಲವು ಜಾತಿಗಳು ಹಬ್ಬಿದ ಕಲ್ಲನ್ನೇ ಆರಿಸಿಕೊಳ್ಳುತ್ತವೆ. ಪಾಚಿಯಲ್ಲಿಯೂ ಅದರ ಮೇಲಿನ ಸೂಕ್ಷ್ಮಜೀವಿಗಳಲ್ಲಿಯೂ ಇರುವ ದ್ರವ್ಯಗಳ ವಾಸನೆಯೇ ಅವುಗಳಿಗೆ ಗುರುತು. ಹೀಗೆ ಸುಣ್ಣಪಾಚಿ ಹಬ್ಬಿದ ನೆಲವೇ ಹವಳಕ್ಕೆ ಹದ ಮಾಡಿದ ಸಸಿಮಡಿ.

ಈ ಮಡಿಗೆ ಕಳೆಯ ಕಾಟವೂ ಉಂಟು. ಸುಣ್ಣವಿಲ್ಲದ ಮೆತ್ತನೆಯ ಪಾಚಿಗಳು ವೇಗವಾಗಿ ಬೆಳೆದು ಇದರ ಮೇಲೆ ಕವಿದು ಬೆಳಕು ತಪ್ಪಿಸುತ್ತವೆ. ಕಬ್ಬಿನ ಸಾಲಿನಲ್ಲಿ ಮೊದಲ ಮೂರು ತಿಂಗಳು ಕಳೆ ತೆಗೆಯದಿದ್ದರೆ ಏನಾಗುವುದೆಂದು ತಮಗೆ ಗೊತ್ತು. ಸಮುದ್ರದಲ್ಲಿ ಕಳೆ ತೆಗೆಯುವ ಆಳುಗಳೆಂದರೆ ಗಿಳಿಯ ಕೊಕ್ಕಿನಂಥ ಬಾಯಿಯ ಗಿಳಿಮೀನು, ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲ ಪ್ರಾಣಿ ಮತ್ತು ಕಲ್ಲಿಗೆ ಅಂಟಿ ತೆವಳುವ ಚಿಪ್ಪಿನ ಹುಳುಗಳು. ಅವು ಕೆರೆದು ತಿನ್ನುವಾಗ ಸುಣ್ಣಪಾಚಿಯ ಮೇಲ್ಪದರವೂ ಸ್ವಲ್ಪ ಹೋಗುತ್ತದೆ. ಆದರೆ ಅದರ ಬೆಳೆಯುವ ಕೋಶಗಳು ಮೇಲ್ಪದರದ ಕೆಳಗೆ ಇರುವುದರಿಂದ ಮತ್ತೆ ಚಿಗುರುತ್ತದೆ. ಮೀನುಗಳನ್ನು ಮಿತಿಮೀರಿ ಹಿಡಿದ ಕಡೆಗಳಲ್ಲಿ ಕಳೆ ಮೇಲುಗೈಯಾಗುತ್ತದೆ. ಊರಿನ ಹೊಲಸು, ಹೊಲದಿಂದ ತೊಳೆದುಹೋದ ಗೊಬ್ಬರ ಸಮುದ್ರಕ್ಕೆ ಸೇರಿದ ಕಡೆಯೂ ಹಾಗೆಯೇ. ಹೊಳೆಯ ರಾಡಿ ನೀರು ಬಂದು ಹೂಳು ಕೂತರಂತೂ ಬೆಳಕೂ ಹೋಯಿತು, ಉಸಿರೂ ಹೋಯಿತು. ಇದಕ್ಕೆ ರೋಗವೂ ಬರುವುದುಂಟು. 1993ರಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಕಿತ್ತಳೆ ಬಣ್ಣದ ಪಟ್ಟಿಯಾಗಿ ಹರಡಿ ಸುಣ್ಣಪಾಚಿಯನ್ನು ಕೊಂದು ಬಿಳಿಯ ಸುಣ್ಣವನ್ನಷ್ಟೇ ಉಳಿಸುವ ಒಂದು ಬ್ಯಾಕ್ಟೀರಿಯಾ ರೋಗವನ್ನು ಮೊದಲು ಕಂಡರು.

ಎಲ್ಲಕ್ಕಿಂತ ದೊಡ್ಡ ಕಾಟ ಈಗ ಬಂದಿರುವುದು ಗಾಳಿಯಿಂದ. ಕಲ್ಲಿದ್ದಲು, ಎಣ್ಣೆ ಸುಟ್ಟ ಇಂಗಾಲಾಮ್ಲ ವಾಯುವಿನ ಒಂದು ಪಾಲು ಸಮುದ್ರದಲ್ಲಿ ಕರಗುತ್ತದೆ. ಇದರಿಂದ ಸಮುದ್ರದ ಮೇಲ್ಭಾಗದ ನೀರಿನ ರಸಸಾರವು ಯಂತ್ರಯುಗದ ಮೊದಲು ಇದ್ದ ಸುಮಾರು 8.2ರಿಂದ ಈಗ ಸುಮಾರು 8.1ಕ್ಕೆ ಇಳಿದಿದೆ. ಅಂಕಿ ಸಣ್ಣದಾಗಿ ಕಂಡರೂ ಹುಳಿಯ ಲೆಕ್ಕದಲ್ಲಿ ಅದು ನೂರಕ್ಕೆ ಇಪ್ಪತ್ತೈದಕ್ಕೂ ಹೆಚ್ಚು ಏರಿಕೆ. ಮೆಗ್ನೀಷಿಯಮ್ ಹೆಚ್ಚಿರುವ ಸುಣ್ಣವು ಹುಳಿಗೆ ಎಲ್ಲಕ್ಕಿಂತ ಮೊದಲು ಕರಗುವ ಜಾತಿಯದು. ಆದ್ದರಿಂದ ಹವಳಕ್ಕಿಂತ ಮುಂಚೆ ಪೆಟ್ಟು ತಿನ್ನುವುದು ಸುಣ್ಣಪಾಚಿಯೇ ಎಂದು ತಿಳಿದವರು ಹೇಳುತ್ತಾರೆ.

ನಮ್ಮ ಕನ್ನಡ ನಾಡಿಗೆ ಹತ್ತಿರದ ಹವಳ ದ್ವೀಪಗಳೆಂದರೆ ಲಕ್ಷದ್ವೀಪ. ಅವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬವು 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿಯೇ ಇದ್ದವೆಂಬುದು ಹಲವರಿಗೆ ತಿಳಿಯದು. ಅಲ್ಲಿಯ ತೆಂಗಿನ ತೋಟಗಳೆಲ್ಲ ಹವಳ, ಸುಣ್ಣಪಾಚಿ, ಚಿಪ್ಪುಗಳು ಪುಡಿಯಾದ ಬಿಳಿಯ ಸುಣ್ಣದ ಮರಳಿನ ಮೇಲೆಯೇ ನಿಂತಿವೆ. 1998, 2010, 2016 ಮತ್ತು 2024ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿಯ ಹವಳವು ಬಿಳಿಚಿಕೊಂಡಿತು, ಬಹಳಷ್ಟು ಸತ್ತಿತು. ಸತ್ತ ಹವಳದ ತುಂಡುಗಳು ಅಲೆಗೆ ಉರುಳಾಡುತ್ತಿದ್ದರೆ ಮರಿ ಹವಳ ನೆಲೆಯೂರಲಾರದು. ಅವುಗಳ ಮೇಲೆ ಮೊದಲು ಸುಣ್ಣಪಾಚಿ ಹಬ್ಬಿ ಕಟ್ಟಿ ನಿಲ್ಲಿಸಬೇಕು. ನಮ್ಮ ಕರ್ನಾಟಕದ ಕರಾವಳಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳು ಮಳೆಗಾಲದಲ್ಲಿ ಸಿಹಿನೀರನ್ನೂ ಹೂಳನ್ನೂ ತರುವುದರಿಂದ ದಂಡೆಯ ಬಳಿ ಹವಳ ಕಡಿಮೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ ಮಾತ್ರ ತಿಳಿನೀರಿನಲ್ಲಿ ಹವಳವು ಚೆನ್ನಾಗಿ ಕಾಣುತ್ತದೆ.

ಸುಣ್ಣಪಾಚಿಯ ಹಳೆಯ ಅವಶೇಷಗಳು ಒಣನೆಲದಲ್ಲಿಯೂ ಸಿಗುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು ತಮಿಳುನಾಡಿನ ತಿರುಚಿರಾಪಳ್ಳಿ ಕಡೆಯ ನಿನಿಯೂರಿನ ಸುಣ್ಣಕಲ್ಲಿನಲ್ಲಿದ್ದ ಪಾಚಿಗಳನ್ನು ಕುರಿತು ವಿಯೆನ್ನಾದ ಜೂಲಿಯಸ್ ಪಿಯಾ ಎಂಬವರ ಜೊತೆಗೂಡಿ 1936ರಲ್ಲಿ ಗ್ರಂಥ ಪ್ರಕಟಿಸಿದರು. ಒಂದು ಕಾಲದಲ್ಲಿ ಅದು ಬಿಸಿಸೀಮೆಯ ಕಡಲ ತಳವಾಗಿತ್ತೆಂಬುದಕ್ಕೆ ಅದೂ ಒಂದು ಸಾಕ್ಷಿ.

ಹಾಗಾದರೆ ಯಾದವಾಡದ ಸಿಮೆಂಟ್ ಕಾರ್ಖಾನೆಗೆ ಬೇಕಾಗುವ ಸುಣ್ಣಕಲ್ಲೂ ಈ ಪಾಚಿಯದೇ ಏನು ಎಂದು ಕೇಳಬಹುದು. ಅಲ್ಲ. ಮೂಡಲಗಿ ಕಡೆಯಿಂದ ಲೋಕಾಪುರ, ಕಲಾದಗಿ, ಬಾಗಲಕೋಟೆಯವರೆಗೆ ಹಬ್ಬಿರುವ ಆ ಶಿಲೆಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು. ಕೆಂಪು ಸುಣ್ಣಪಾಚಿಗಳು ಹುಟ್ಟಿದ್ದು ಹದಿಮೂರು ಹದಿನಾಲ್ಕು ಕೋಟಿ ವರ್ಷಗಳಿಂದ ಈಚೆಗೆ. ಕಲಾದಗಿ ಸುಣ್ಣಕಲ್ಲಿನಲ್ಲಿ ಕೆಲವೆಡೆ ಕಾಣುವ ಈರುಳ್ಳಿ ಹೆಚ್ಚಿದಂಥ ಪದರುಗಳು ಇನ್ನೂ ಹಳೆಯ ಕಾಲದ ನೀಲಿಹಸಿರು ಸೂಕ್ಷ್ಮಜೀವಿಗಳ ಕೆಲಸ.

ಈಗ ಚೀಲದ ವಿಷಯಕ್ಕೆ ಬರೋಣ. ಸುಣ್ಣಪಾಚಿಯನ್ನು ಗೊಬ್ಬರವಾಗಿ ಬಳಸಿದ್ದು ಸುಳ್ಳಲ್ಲ. ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯ ರೈತರು ಶತಮಾನಗಳಿಂದ ಇದನ್ನು ಸಮುದ್ರದಿಂದ ಬಾಚಿ ತಂದು ಹೊಲಕ್ಕೆ ಹಾಕುತ್ತಿದ್ದರು. 1970ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಟನ್ ತೆಗೆಯುತ್ತಿದ್ದರಂತೆ. ಅದರಲ್ಲಿ ನೂರಕ್ಕೆ 80 ಪಾಲಿನಷ್ಟು ಬರೀ ಸುಣ್ಣ. ಆದರೆ ಬ್ರಿಟನಿಯ ನೆಲ ಕಗ್ಗಲ್ಲು ಸವೆದ ಹುಳಿಮಣ್ಣು, ಮಳೆಯೂ ಹೆಚ್ಚು. ಹುಳಿಮಣ್ಣಿಗೆ ಸುಣ್ಣವೇ ಔಷಧ. ಬೆಳೆಯುವುದಕ್ಕಿಂತ ಬಾಚುವುದು ಎಷ್ಟೋ ಪಟ್ಟು ಹೆಚ್ಚಾಗಿ ಹಾಸುಗಳು ಹಾಳಾದ್ದರಿಂದ ಯೂರೋಪಿನಲ್ಲಿ ಈ ಕೆಲಸವನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ಬಹುಮಟ್ಟಿಗೆ ನಿಲ್ಲಿಸಿದರು. ಬ್ರೆಜಿಲ್ಲಿನಲ್ಲಿ ಇಂದಿಗೂ ತೆಗೆಯುತ್ತಾರೆ.

ನಮ್ಮ ಎರೆಭೂಮಿಯಾದರೋ ಹುಳಿಮಣ್ಣಲ್ಲ. ರಸಸಾರ ಸಾಮಾನ್ಯವಾಗಿ 8ಕ್ಕೂ ಮೇಲೆ. ನೇಗಿಲು ಹೊಡೆದಾಗ ಬಿಳಿಯ ಸುಣ್ಣದ ಹರಳುಗಳು ಮೇಲೆ ಬೀಳುವುದನ್ನು ತಾವು ದಿನವೂ ಕಾಣುತ್ತೀರಿ. ಲೆಕ್ಕ ಹಾಕಿ ನೋಡಿರಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 8ರಿಂದ 9 ಲಕ್ಷ ಕಿಲೋ. ಅದರಲ್ಲಿ ನೂರಕ್ಕೆ 5 ಪಾಲು ಸುಣ್ಣವಿದೆಯೆಂದು ಹಿಡಿದರೂ 40 ಟನ್ನಿಗೆ ಕಡಿಮೆಯಿಲ್ಲದ ಸುಣ್ಣ ತಮ್ಮ ಎಕರೆಯಲ್ಲಿ ಆಗಲೇ ಬಿದ್ದಿದೆ. ಅದರ ಮೇಲೆ ಒಂದು ಚೀಲ 50 ಕಿಲೋ ಹಾಕುವುದೆಂದರೆ ಹೊಳೆಗೆ ಕೊಡ ನೀರು ಹೊತ್ತಂತೆ, ಅದೂ ದುಡ್ಡು ಕೊಟ್ಟು. ಇಂಥ ಭೂಮಿಯಲ್ಲಿ ಕಬ್ಬಿನ ಎಳೆಯ ಎಲೆಗಳು ನರ ಹಸಿರಾಗಿ ನಡುವೆ ಹಳದಿ ತಿರುಗುವುದು ಸುಣ್ಣದ ಕೊರತೆಯಿಂದ ಅಲ್ಲ. ಸುಣ್ಣ ಹೆಚ್ಚಾಗಿ ಕಬ್ಬಿಣದ ಅಂಶ ಬೇರಿಗೆ ದೊರೆಯದಂತೆ ಆಗುವುದರಿಂದ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ ಸ್ವಲ್ಪ ಲಿಂಬೆಹುಳಿ ಕಲಸಿ ವಾರಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿರಿ, ತಿಪ್ಪೆಗೊಬ್ಬರ ಹೆಚ್ಚು ಹಾಕಿರಿ, ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿರಿ.

ಕಾಲುವೆ ಕೆಳಗಿನ ಸವಳು ಜವಳು ಭೂಮಿಗೂ ಸಮುದ್ರದ ಸುಣ್ಣ ಉಪಯೋಗವಿಲ್ಲ. ಅಲ್ಲಿ ಮೊದಲು ಬಸಿಗಾಲುವೆ ಬೇಕು. ಪರೀಕ್ಷೆಯಲ್ಲಿ ಸೋಡಿಯಮ್ ಹೆಚ್ಚು ಕಂಡರೆ ಜಿಪ್ಸಮ್ ಬೇಕು. ಜಿಪ್ಸಮ್ಮೂ ಸುಣ್ಣವೂ ಒಂದೇ ಅಲ್ಲ. ಜಿಪ್ಸಮ್ ಎರೆಯಲ್ಲಿಯೂ ನೀರಿನಲ್ಲಿ ಕರಗಿ ಕೆಲಸ ಮಾಡುತ್ತದೆ, ಸುಣ್ಣದ ಹರಳು ಆ ರಸಸಾರದಲ್ಲಿ ಕರಗದೆ ಹಾಗೆಯೇ ಉಳಿಯುತ್ತದೆ. ಹುಕ್ಕೇರಿ ತಾಲೂಕಿನ ಪಶ್ಚಿಮದ ಮಳೆ ಹೆಚ್ಚಿರುವ ಕಡೆಯ ಕೆಂಪು ಮಸಾರಿ ಭೂಮಿಯ ಮಾತು ಬೇರೆ. ಅಲ್ಲಿ ಕೆಲವು ಹೊಲಗಳಿಗೆ ಸುಣ್ಣ ಬೇಕಾಗಬಹುದು. ಹಾಗೆ ಬೇಕಾದರೂ ಸಾಧಾರಣ ಕೃಷಿ ಸುಣ್ಣವೇ ಸಾಕು; ಗಿಡದ ಬೇರಿಗೆ ಅದು ಸಮುದ್ರದಿಂದ ಬಂದಿತೋ ಗಣಿಯಿಂದ ಬಂದಿತೋ ಎಂಬ ಭೇದವಿಲ್ಲ.

ಬಾಟಲಿಯಲ್ಲಿ ಬರುವ ಸಮುದ್ರಪಾಚಿಯ ದ್ರಾವಣವನ್ನು ಇದರೊಡನೆ ಕಲಸಿಕೊಳ್ಳಬೇಡಿರಿ. ಅದು ತಮಿಳುನಾಡಿನ ಮಂಟಪಂ ಕಡೆ ಬಿದಿರಿನ ತೆಪ್ಪಗಳಿಗೆ ಕಟ್ಟಿ ಬೆಳೆಸುವ ಮೆತ್ತನೆಯ ಕೆಂಪು ಪಾಚಿ ಮೊದಲಾದವುಗಳ ರಸ. ಅದರಲ್ಲಿ ಕಲ್ಲುಸುಣ್ಣವಿಲ್ಲ. ಅದರ ಗುಣದೋಷಗಳನ್ನು ಇನ್ನೊಂದು ಸಂಚಿಕೆಯಲ್ಲಿ ನೋಡೋಣ.

ತಮ್ಮ ಹೊಲದಲ್ಲಿ ಸುಣ್ಣ ಇದೆಯೋ ಇಲ್ಲವೋ ಮನೆಯಲ್ಲಿಯೇ ನೋಡಬಹುದು. ಶೌಚಾಲಯ ತೊಳೆಯಲು ಮಾರುವ ಉಪ್ಪಿನ ಆಮ್ಲವನ್ನು, ಒಂದು ಪಾಲಿಗೆ ಹತ್ತು ಪಾಲು ನೀರಿನಂತೆ, ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ತೆಳುವು ಮಾಡಿಕೊಳ್ಳಿರಿ. ನೀರಿಗೆ ಆಮ್ಲವನ್ನು ಹಾಕತಕ್ಕದ್ದು, ಆಮ್ಲಕ್ಕೆ ನೀರನ್ನು ಎಂದಿಗೂ ಹಾಕಕೂಡದು; ಮಕ್ಕಳು ಹತ್ತಿರ ಇರಕೂಡದು. ಒಣಮಣ್ಣಿನ ಹೆಂಟೆಯ ಮೇಲೆ ನಾಲ್ಕು ಹನಿ ಬಿಟ್ಟಾಗ ನೊರೆ ಬುಸುಗುಟ್ಟಿದರೆ ಸುಣ್ಣ ಸಾಕಷ್ಟಿದೆ. ಬುಸುಗುಟ್ಟದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿರಿ. ಎಕರೆಗೆ ಎಂಟು ಹತ್ತು ಕಡೆ, ಬದು, ತಿಪ್ಪೆ, ಮರದ ನೆರಳು ಬಿಟ್ಟು, ಅರ್ಧ ಅಡಿ ಆಳದ ಗುಂಡಿಯ ಮಗ್ಗುಲಿನಿಂದ ಮಣ್ಣು ತೆಗೆಯಿರಿ. ಕಬ್ಬಿಗಾದರೆ ಒಂದು ಅಡಿ. ಎಲ್ಲವನ್ನೂ ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಮಾತ್ರ ಬಟ್ಟೆಯ ಚೀಲದಲ್ಲಿ ಹಾಕಿ, ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದ ಚೀಟಿ ಸೇರಿಸಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿರಿ. ಕಬ್ಬಿನ ವಿಷಯದಲ್ಲಿ ಸಂಶಯವಿದ್ದವರು ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ, ತೋಟದ ಬೆಳೆಗಳವರು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿಯೂ ವಿಚಾರಿಸಬಹುದು. ಚೀಟಿಯ ಮೇಲೆ ರಸಸಾರ 7.5ಕ್ಕಿಂತ ಮೇಲೆ ಬರೆದು ಬಂದರೆ ಸುಣ್ಣದ ಚೀಲದವನಿಗೆ ಆ ಚೀಟಿಯನ್ನೇ ತೋರಿಸಿರಿ.